ಸಹಿ ಬಿದ್ದ ದಿನದ ಕಮಿಷನ್: ಸೇವೆ ಮಾರುವವರ ಸಂಬಳ ಮತ್ತು ತರಬೇತಿಯ ಲೆಕ್ಕ

ಗೇಟಿನಲ್ಲಿ ದಿನದ 24 ಗಂಟೆಯೂ ಒಬ್ಬ ಕಾವಲುಗಾರ ಇರಬೇಕು ಎಂದು ಗ್ರಾಹಕರು ಕೇಳುತ್ತಾರೆ. ಹೊಸದಾಗಿ ಸೇರಿದ ಮಾರಾಟ ಪ್ರತಿನಿಧಿ ಎಂಟೆಂಟು ಗಂಟೆಯ ಮೂರು ಪಾಳಿ, ಮೂವರು ಜನ ಎಂದು ಲೆಕ್ಕ ಹಾಕಿ ಅಲ್ಲೇ ಕೊಟೇಶನ್ ಬರೆದುಕೊಡುತ್ತಾರೆ. ಲೆಕ್ಕ ತಪ್ಪು. ವಾರಕ್ಕೆ ಇರುವುದು 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಬೇಕಾಗುವುದು ಮೂರೂವರೆ ಜನ. ವಾರದ ರಜೆಯ ಜೊತೆಗೆ ವರ್ಷಕ್ಕೆ ಇನ್ನೊಂದು 30 ದಿನ ರಜೆ, ಅನಾರೋಗ್ಯ ಎಂದು ಹೋದರೆ ಅದು 3.9ರ ಹತ್ತಿರ ಬರುತ್ತದೆ. ಅಂದರೆ ಮೂವರ ದರಕ್ಕೆ ಹೆಚ್ಚುಕಡಿಮೆ ನಾಲ್ವರನ್ನು ಕೊಡುವ ಒಪ್ಪಂದಕ್ಕೆ ಸಹಿ ಬಿದ್ದಿದೆ. ಆ ತಿಂಗಳ ಕೊನೆಗೆ ಪ್ರತಿನಿಧಿಯ ಖಾತೆಗೆ ಕಮಿಷನ್ ಬರುತ್ತದೆ, ಅಭಿನಂದನೆಯೂ ಬರುತ್ತದೆ. ನಷ್ಟ ಕಾಣಿಸಿಕೊಳ್ಳುವುದು ಎರಡನೆಯ ತಿಂಗಳಿಂದ. ಮೊದಲು ರಜೆಯ ದಿನ ಬದಲಿ ಜನ ಇರುವುದಿಲ್ಲ, ಆಮೇಲೆ ಇದ್ದವರೇ ಎರಡು ಪಾಳಿ ಎಳೆಯುತ್ತಾರೆ, ಕೊನೆಗೆ ಗ್ರಾಹಕರು ಒಪ್ಪಂದ ಮುರಿಯುತ್ತಾರೆ.

ಇಲ್ಲಿ ಎರಡು ತಪ್ಪು ಒಟ್ಟಿಗೆ ಸೇರಿವೆ. ಲೆಕ್ಕ ಹಾಕುವುದನ್ನು ಯಾರೂ ಕಲಿಸಿರಲಿಲ್ಲ. ಮತ್ತು ಲೆಕ್ಕ ತಪ್ಪಿದರೂ ಕಮಿಷನ್ ಬಂತು. ಸೇವೆ ಮಾರುವ ಉದ್ಯೋಗದ ಬಗ್ಗೆ ಮಾತಾಡುವಾಗ ಸಂಬಳವನ್ನು ಒಂದು ಕಡೆ, ತರಬೇತಿಯನ್ನು ಇನ್ನೊಂದು ಕಡೆ ಇಟ್ಟು ನೋಡುವುದು ರೂಢಿ. ನಿಜದಲ್ಲಿ ಅವೆರಡೂ ಒಂದೇ ಲೆಕ್ಕದ ಎರಡು ಸಾಲುಗಳು.

ಈ ಉದ್ಯೋಗದ ಹರವು ದೊಡ್ಡದು. ಕಾವಲು, ಸ್ವಚ್ಛತೆ, ಸಿಬ್ಬಂದಿ ಪೂರೈಕೆ, ಸಂಬಳಪಟ್ಟಿ ನಿರ್ವಹಣೆ, ಇಂಟರ್ನೆಟ್ ಸಂಪರ್ಕ, ಚಂದಾ ರೂಪದ ಸಾಫ್ಟ್‌ವೇರ್, ಜಾಹೀರಾತಿನ ಜಾಗ ಮತ್ತು ಸಮಯ, ಸಮ್ಮೇಳನಗಳಿಗೆ ಹೋಟೆಲ್ ಕೋಣೆ, ಯಂತ್ರಗಳ ವಾರ್ಷಿಕ ನಿರ್ವಹಣಾ ಒಪ್ಪಂದ, ಸರಕು ಸಾಗಣೆ ಎಲ್ಲವೂ ಇದರೊಳಗೆ ಬರುತ್ತವೆ. ಕೆಲವರು ಊರೂರು ಅಲೆದು ಭೇಟಿ ಮಾಡುತ್ತಾರೆ, ಕೆಲವರು ಕೂತಲ್ಲಿಂದಲೇ ಫೋನಿನಲ್ಲಿ ಮಾರುತ್ತಾರೆ. ಕೆಲವರದು ಹೊಸ ಗ್ರಾಹಕರನ್ನು ತರುವ ಕೆಲಸ, ಕೆಲವರದು ಇರುವವರನ್ನು ಉಳಿಸಿಕೊಳ್ಳುವ ಕೆಲಸ. ಇವರೆಲ್ಲರಿಗೂ ಸಮಾನವಾದದ್ದು ಒಂದು: ಸಹಿ ಬೀಳುವ ಹೊತ್ತಿಗೆ ಮಾರಿದ ವಸ್ತು ಇನ್ನೂ ಹುಟ್ಟಿಯೇ ಇರುವುದಿಲ್ಲ. ಗ್ರಾಹಕರು ಕೊಂಡದ್ದು ಮುಂದೆ ಯಾರೋ ಮಾಡಿಕೊಡಬೇಕಾದ ಕೆಲಸವನ್ನು.

ಆಫರ್ ಲೆಟರಿನ ದೊಡ್ಡ ಅಂಕಿ

ನೇಮಕಾತಿಯ ಹೊತ್ತಿಗೆ ಹೇಳುವ ಅಂಕಿ ಸಾಮಾನ್ಯವಾಗಿ ಟಾರ್ಗೆಟ್ ಪೂರ್ತಿ ಮುಟ್ಟಿದರೆ ಸಿಗುವ ಒಟ್ಟು ಗಳಿಕೆ. ಅದನ್ನು 100 ಪಾಲು ಎಂದುಕೊಳ್ಳೋಣ. ಅದರಲ್ಲಿ 60 ಪಾಲು ನಿಗದಿ ಸಂಬಳ, 40 ಪಾಲು ಕಮಿಷನ್. ವರ್ಷದ ಟಾರ್ಗೆಟ್ 500 ಪಾಲು ಮೌಲ್ಯದ ಒಪ್ಪಂದಗಳು ಎಂದಾದರೆ ಕಮಿಷನ್ ದರ 8 ಶೇಕಡ. ಇಷ್ಟು ಸರಳವಾಗಿದ್ದರೆ ಟಾರ್ಗೆಟ್‌ನ 70 ಶೇಕಡ ಮುಟ್ಟಿದವರಿಗೆ 28 ಪಾಲು ಕಮಿಷನ್, ಒಟ್ಟು 88 ಪಾಲು ಸಿಗಬೇಕು. ಆದರೆ ಬಹಳಷ್ಟು ಯೋಜನೆಗಳಲ್ಲಿ ಒಂದು ಹೊಸ್ತಿಲು ಇರುತ್ತದೆ: 75 ಶೇಕಡ ದಾಟದಿದ್ದರೆ ಕಮಿಷನ್ನೇ ಇಲ್ಲ. ಆಗ ಅದೇ 70 ಶೇಕಡಕ್ಕೆ ಕೈಗೆ ಬರುವುದು ಬರೀ 60. ಅತ್ತ 100 ದಾಟಿದ ಮೇಲಿನ ಮೊತ್ತಕ್ಕೆ ದರ ಒಂದೂವರೆ ಪಟ್ಟು ಆದರೆ, 120 ಶೇಕಡ ಮುಟ್ಟಿದವರಿಗೆ 52 ಪಾಲು ಕಮಿಷನ್ ಸಿಗುತ್ತದೆ. ಹೊಸ್ತಿಲಿನ ಕೆಳಗಿರುವವರ ಬೆವರಿನಿಂದ ಮೇಲಿನವರ ಬೋನಸ್ ತುಂಬಿಕೊಳ್ಳುವ ಏರ್ಪಾಡು ಇದು ಎಂದರೆ ಉತ್ಪ್ರೇಕ್ಷೆಯಾಗದು.

ಟಾರ್ಗೆಟ್ ಮುಟ್ಟಲು ಸಾಧ್ಯವೇ ಎಂಬುದನ್ನು ಊಹಿಸಬೇಕಿಲ್ಲ, ಗಂಟೆಗಳಲ್ಲಿ ಲೆಕ್ಕ ಹಾಕಬಹುದು. ಒಂದು ಒಪ್ಪಂದದ ಸರಾಸರಿ ಮೌಲ್ಯ 10 ಪಾಲು ಆದರೆ ವರ್ಷಕ್ಕೆ 50 ಒಪ್ಪಂದ ಬೇಕು. ಕೊಟೇಶನ್ ಕೊಟ್ಟ ನಾಲ್ಕರಲ್ಲಿ ಒಂದು ಗೆದ್ದರೆ 200 ಕೊಟೇಶನ್. ಎರಡು ಭೇಟಿಗೆ ಒಂದು ಕೊಟೇಶನ್ ಎಂದರೆ 400 ಭೇಟಿ. ಇಪ್ಪತ್ತು ಕರೆಗೆ ಒಂದು ಭೇಟಿ ಸಿಕ್ಕರೆ 8,000 ಕರೆ. ಕರೆಗೆ 4 ನಿಮಿಷ, ಓಡಾಟ ಸೇರಿ ಭೇಟಿಗೆ ಒಂದೂವರೆ ಗಂಟೆ, ಕೊಟೇಶನ್ನಿಗೆ 3 ಗಂಟೆ ಹಿಡಿದರೆ, ಎಂಟು ಗಂಟೆಯ ದಿನಗಳಲ್ಲಿ ಅದು 217 ದಿನ. ವರ್ಷಕ್ಕೆ ಕೆಲಸದ ದಿನ 240 ಎಂದರೆ ಉಳಿದದ್ದು 23. ಆಫೀಸಿನ ಮೀಟಿಂಗು, ಹಳೆಯ ಗ್ರಾಹಕರ ದೂರು, ಸಿಸ್ಟಂನಲ್ಲಿ ವಿವರ ತುಂಬುವುದು ಎಲ್ಲಕ್ಕೂ ಅಷ್ಟೇ.

ಈಗ ಗೆಲ್ಲುವ ಪ್ರಮಾಣ ನಾಲ್ಕಕ್ಕೊಂದರಿಂದ ಐದಕ್ಕೊಂದಕ್ಕೆ ಇಳಿಯಲಿ, ಅಂದರೆ ಬರೀ ಐದು ಶೇಕಡ ಅಂಶ. ಕೊಟೇಶನ್ 250, ಭೇಟಿ 500, ಕರೆ 10,000 ಆಗುತ್ತವೆ. ಬೇಕಾಗುವುದು 271 ದಿನ. ಅಷ್ಟು ದಿನ ವರ್ಷದಲ್ಲಿ ಇಲ್ಲವೇ ಇಲ್ಲ. 'ಇನ್ನೂ ಜಾಸ್ತಿ ಕರೆ ಮಾಡಿ' ಎಂಬ ಮ್ಯಾನೇಜರರ ಮಾತು ಈ ಹಂತದಲ್ಲಿ ಕೆಲಸಕ್ಕೆ ಬಾರದು. ಗೆಲ್ಲುವ ಪ್ರಮಾಣವನ್ನು ಏರಿಸಬಲ್ಲದ್ದು ತರಬೇತಿ, ಇಲ್ಲವೇ ದರ ಇಳಿಕೆ. ತರಬೇತಿಗೆ ತಿಂಗಳುಗಳು ಬೇಕು. ದರ ಇಳಿಸಲು ಒಂದು ಫೋನ್ ಕರೆ ಸಾಕು. ಪ್ರತಿನಿಧಿ ಯಾವುದನ್ನು ಹಿಡಿಯುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ದರ ಇಳಿಕೆಯ ನೋವು ಇಬ್ಬರಿಗೂ ಸಮನಾಗಿ ತಟ್ಟುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಸೇವೆಯ ದರ 100, ಮಾಡಿಕೊಡುವ ವೆಚ್ಚ 70, ಲಾಭ 30 ಎಂದಿಟ್ಟುಕೊಳ್ಳಿ. ಹತ್ತು ಶೇಕಡ ರಿಯಾಯಿತಿ ಕೊಟ್ಟರೆ ಲಾಭ 20ಕ್ಕೆ ಇಳಿದು ಸಂಸ್ಥೆ ಮೂರನೆಯ ಒಂದು ಭಾಗ ಕಳೆದುಕೊಳ್ಳುತ್ತದೆ. ಒಟ್ಟು ಮೊತ್ತದ ಮೇಲೆ 8 ಶೇಕಡ ಕಮಿಷನ್ ಪಡೆಯುವ ಪ್ರತಿನಿಧಿಗೆ 8ರ ಬದಲು 7.2 ಸಿಗುತ್ತದೆ, ಹತ್ತನೆಯ ಒಂದು ಭಾಗ ಮಾತ್ರ ನಷ್ಟ. ಲಾಭದ ಮೇಲೆ ಕಮಿಷನ್ ಕೊಟ್ಟರೆ ಈ ಅಂತರ ಹೋಗುತ್ತದೆ. ಆದರೆ ಆಗ ಸಂಸ್ಥೆ ತನ್ನ ವೆಚ್ಚದ ಅಂಕಿಗಳನ್ನು ಪ್ರತಿನಿಧಿಗಳ ಮುಂದೆ ಬಿಚ್ಚಿಡಬೇಕು. ಅದಕ್ಕೆ ಒಪ್ಪುವವರು ಕಡಿಮೆ. ಒಪ್ಪದಿದ್ದರೆ ಕನಿಷ್ಠ ರಿಯಾಯಿತಿಯ ಹಂತಕ್ಕೆ ತಕ್ಕಂತೆ ಕಮಿಷನ್ ದರವನ್ನು ಇಳಿಸುವ ಪಟ್ಟಿಯಾದರೂ ಇರಬೇಕು. ರಿಯಾಯಿತಿಗೆ ಮೇಲಿನವರ ಅನುಮತಿ ಬೇಕೆಂಬ ನಿಯಮವೊಂದೇ ಸಾಲದು, ತಿಂಗಳ ಕೊನೆಯ ದಿನ ಆ ಅನುಮತಿ ಕೇಳಿದವರಿಗೆಲ್ಲ ಸಿಗುತ್ತದೆ.

ಮೊದಲ ವರ್ಷದಲ್ಲಿ ಏನಾಗುತ್ತದೆ

ಹೊಸಬರು ಸೋಲುವುದು ಬಹುತೇಕ ಕ್ಯಾಲೆಂಡರಿನ ಕೈಯಲ್ಲಿ. ತರಬೇತಿ ಒಂದು ತಿಂಗಳು. ಮೊದಲ ಭೇಟಿಯಿಂದ ಸಹಿಯವರೆಗೆ ಮೂರು ತಿಂಗಳು. ಗ್ರಾಹಕರು ಬಿಲ್ ಪಾವತಿಸಲು 45 ದಿನ. ಕಮಿಷನ್ ವಸೂಲಿಯಾದ ಮೇಲೆ ಎಂಬ ನಿಯಮವಿದ್ದರೆ ಮೊದಲ ಕಮಿಷನ್ ಕೈಗೆ ಬರುವುದು ಐದೂವರೆ ತಿಂಗಳ ನಂತರ. ತರಬೇತಿ ಮುಗಿದ ಮರುದಿನದಿಂದಲೇ ಅನುಭವಿಗಳ ವೇಗದಲ್ಲಿ ದುಡಿದರೂ ವರ್ಷದಲ್ಲಿ ಸಹಿ ಬೀಳುವುದು ಎಂಟು ತಿಂಗಳು ಮಾತ್ರ. 500ರ ಟಾರ್ಗೆಟ್‌ನಲ್ಲಿ 333, ಅಂದರೆ 67 ಶೇಕಡ. 75ರ ಹೊಸ್ತಿಲಿದ್ದರೆ ಕಮಿಷನ್ ಸೊನ್ನೆ. ಒಂದು ತಪ್ಪೂ ಮಾಡದ ಮನುಷ್ಯರು 'ಕೆಲಸಕ್ಕೆ ಬಾರದವರು' ಎಂಬ ಹಣೆಪಟ್ಟಿ ಹೊತ್ತು ಹೊರಗೆ ಹೋಗುವುದು ಹೀಗೆ. ಈ ಅನ್ಯಾಯವನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ ಅಷ್ಟೇ. ಅನುಭವಿಸುವವರಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ಪರಿಹಾರ ಕಷ್ಟದ್ದಲ್ಲ. ಮೊದಲ ನಾಲ್ಕು ತಿಂಗಳು ಟಾರ್ಗೆಟ್ ಸೊನ್ನೆ, ಐದು-ಆರನೆಯ ತಿಂಗಳು ಕಾಲು ಭಾಗ, ಏಳು-ಎಂಟರಲ್ಲಿ ಅರ್ಧ, ಒಂಬತ್ತರಲ್ಲಿ ಮುಕ್ಕಾಲು, ಹತ್ತರಿಂದ ಪೂರ್ತಿ. ಹೀಗೆ ಏರಿಸಿದರೆ ಮೊದಲ ವರ್ಷದ ಟಾರ್ಗೆಟ್ ಸುಮಾರು 219 ಪಾಲು ಆಗುತ್ತದೆ. ಮಾರಾಟಕ್ಕೆ ಮೂರರ ಬದಲು ಒಂಬತ್ತು ತಿಂಗಳು ಹಿಡಿಯುವ ದೊಡ್ಡ ಒಪ್ಪಂದಗಳ ಕೆಲಸವಾದರೆ ಈ ಏಣಿಯೂ ಅಷ್ಟೇ ಉದ್ದವಾಗಬೇಕು.

ಕೆಲವು ಸಂಸ್ಥೆಗಳು ಈ ಖಾಲಿ ತಿಂಗಳುಗಳಿಗೆ ಕಮಿಷನ್ ಮುಂಗಡ ಕೊಡುತ್ತವೆ. ಅದರಲ್ಲಿ ಎರಡು ಬಗೆ. ಒಂದು, ಮುಂದಿನ ಕಮಿಷನ್ನಿನಲ್ಲಿ ಮುರಿದುಕೊಳ್ಳುವಂಥದ್ದು, ಇನ್ನೊಂದು, ಹಿಂದಿರುಗಿಸಬೇಕಿಲ್ಲದ್ದು. ತಿಂಗಳಿಗೆ 3 ಪಾಲಿನಂತೆ ಆರು ತಿಂಗಳು ಮೊದಲ ಬಗೆಯ ಮುಂಗಡ ತೆಗೆದುಕೊಂಡವರ ತಲೆಯ ಮೇಲೆ 18 ಪಾಲು ಸಾಲ. ಹೊಸ್ತಿಲು ಇಲ್ಲದ ಯೋಜನೆಯಲ್ಲಿ 333 ಪಾಲಿನ ಒಪ್ಪಂದ ತಂದರೂ 26.6 ಪಾಲಿನ ಕಮಿಷನ್ನಿನಲ್ಲಿ 18 ಮುರಿದು ವರ್ಷದ ಕೊನೆಗೆ 8.6 ಉಳಿಯುತ್ತದೆ. ನಡುವೆ ಕೆಲಸ ಬಿಟ್ಟರೆ ಆ ಸಾಲ ಏನಾಗುತ್ತದೆ ಎಂಬ ಸಾಲೇ ಪತ್ರದಲ್ಲಿ ಮುಖ್ಯ. ಬಾಯಿಮಾತಿನಲ್ಲಿ 'ಅದನ್ನೆಲ್ಲ ಕೇಳುವುದಿಲ್ಲ' ಎಂದವರು ಪತ್ರದಲ್ಲಿ ಬೇರೆ ಬರೆದಿರಬಹುದು.

ಕಮಿಷನ್ ಯಾವ ದಿನದ್ದು

ಕಮಿಷನ್ ಹುಟ್ಟುವುದು ಸಹಿಯ ದಿನವೋ, ಬಿಲ್ ಹೋದ ದಿನವೋ, ಹಣ ಬಂದ ದಿನವೋ ಎಂಬುದು ಬರೀ ಕಾಗದದ ಪ್ರಶ್ನೆಯಲ್ಲ. ಸಹಿಯ ದಿನ ಕೊಟ್ಟರೆ ಪ್ರತಿನಿಧಿಗೆ ನೆಮ್ಮದಿ, ಆದರೆ ಹಣ ಕೊಡಲಾರದ ಗ್ರಾಹಕರನ್ನು ತಂದರೂ ನಡೆಯುತ್ತದೆ. ವಸೂಲಿಯ ದಿನ ಕೊಟ್ಟರೆ ಲೆಕ್ಕಪತ್ರ ವಿಭಾಗ ಬಿಲ್ ಕಳಿಸಲು ತಡಮಾಡಿದ ಶಿಕ್ಷೆ ಪ್ರತಿನಿಧಿಗೆ ಬೀಳುತ್ತದೆ.

ಲೆಕ್ಕಪತ್ರದ ಲೋಕ ಈ ವಿಷಯದಲ್ಲಿ ಮಾರಾಟ ವಿಭಾಗಗಳಿಗಿಂತ ಮುಂದಿದೆ. 2018ರ ಜನವರಿ 1ರಿಂದ ಜಾರಿಗೆ ಬಂದ ಐಎಫ್‌ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ಪ್ರಕಾರ, ಒಪ್ಪಂದ ಸಿಕ್ಕಿದ್ದಕ್ಕೆಂದೇ ಕೊಟ್ಟ, ವಸೂಲಾಗುವ ನಿರೀಕ್ಷೆಯಿರುವ ಕಮಿಷನ್ನನ್ನು ಕೊಟ್ಟ ದಿನವೇ ಪೂರ್ತಿ ಖರ್ಚು ಎಂದು ಬರೆದು ಮುಗಿಸುವಂತಿಲ್ಲ. ಅದನ್ನು ಆಸ್ತಿಯಾಗಿ ತೋರಿಸಿ, ಸೇವೆ ನಡೆಯುವ ಅವಧಿಯುದ್ದಕ್ಕೂ ಹಂಚಬೇಕು. ಆ ಅವಧಿ ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆಯಾದರೆ ಮಾತ್ರ ವಿನಾಯಿತಿ. ಮೂರು ವರ್ಷದ ಒಪ್ಪಂದದ ಕಮಿಷನ್ ಮೂರು ವರ್ಷಕ್ಕೆ ಸೇರಿದ್ದು ಎಂದು ಪುಸ್ತಕ ಹೇಳುತ್ತದೆ. ಸಂಬಳದ ಯೋಜನೆ ಮಾತ್ರ ಅದನ್ನು ಮೊದಲ ತಿಂಗಳಲ್ಲೇ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಕೈತೊಳೆದುಕೊಳ್ಳಲು ಭಯವಾದಾಗ ಸಂಸ್ಥೆಗಳು ವಾಪಸಾತಿ ಷರತ್ತು ಸೇರಿಸುತ್ತವೆ: ಗ್ರಾಹಕರು ವರ್ಷದೊಳಗೆ ಬಿಟ್ಟರೆ ಕಮಿಷನ್ ಹಿಂದಕ್ಕೆ. ನಿಯಮ ಸರಿಯೇ, ಆದರೆ ಅದರ ಅಳತೆ ನೋಡಬೇಕು. 12 ಪಾಲಿನ ವಾರ್ಷಿಕ ಒಪ್ಪಂದಕ್ಕೆ 0.96 ಪಾಲು ಕಮಿಷನ್ ಬಂದಿದೆ. ನಾಲ್ಕು ತಿಂಗಳಿಗೆ ಗ್ರಾಹಕರು ಹೊರಟುಹೋದರು. ಉಳಿದ ಎಂಟು ತಿಂಗಳಿಗೆ ತಕ್ಕಂತೆ 0.64 ಹಿಂದಕ್ಕೆ ಕೇಳಿದರೆ ನ್ಯಾಯ. ಪೂರ್ತಿ 0.96 ಕೇಳಿದರೆ ನಾಲ್ಕು ತಿಂಗಳ ಆದಾಯವನ್ನು ಸಂಸ್ಥೆ ಇಟ್ಟುಕೊಂಡು ಅದರ ಪಾಲನ್ನು ಕಿತ್ತುಕೊಂಡಂತೆ. ಇನ್ನು, ಗ್ರಾಹಕರು ಹೋದದ್ದು ಪ್ರತಿನಿಧಿಯ ಸುಳ್ಳು ಭರವಸೆಯಿಂದಲೋ, ಸೇವೆ ಕೊಡುವ ತಂಡದ ವೈಫಲ್ಯದಿಂದಲೋ? ಷರತ್ತು ಈ ಎರಡನ್ನೂ ಬೇರೆ ಮಾಡದಿದ್ದರೆ ಒಳ್ಳೆಯ ಪ್ರತಿನಿಧಿಗಳೇ ಮೊದಲು ಕೆಲಸ ಬಿಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ವಾಪಸಾತಿಗಿಂತ ಕಂತು ಒಳ್ಳೆಯದು: ಅರ್ಧ ಸಹಿಯ ದಿನ, ಕಾಲು ಭಾಗ ಸೇವೆ ಶುರುವಾಗಿ 90 ದಿನ ಕಳೆದ ಮೇಲೆ, ಉಳಿದ ಕಾಲು ನವೀಕರಣದ ದಿನ. ಕೊಟ್ಟದ್ದನ್ನು ಕಿತ್ತುಕೊಳ್ಳುವ ಜಗಳವೇ ಇರುವುದಿಲ್ಲ.

ಯೋಜನೆ ಕೆಟ್ಟರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬ್ಯಾಂಕಿಂಗ್ ಸೇವೆಗಳಲ್ಲಿ ದಾಖಲೆಯಿದೆ. 2013ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಣ ಪ್ರಾಧಿಕಾರ ಲಾಯ್ಡ್ಸ್ ಸಮೂಹದ ಬ್ಯಾಂಕುಗಳಿಗೆ 2.8 ಕೋಟಿ ಪೌಂಡ್ ದಂಡ ಹಾಕಿತು. ಟಾರ್ಗೆಟ್ ತಪ್ಪಿದ ಸಲಹೆಗಾರರ ಹುದ್ದೆಯೂ ಮೂಲ ಸಂಬಳವೂ ಇಳಿಯುವ ವ್ಯವಸ್ಥೆ ಅಲ್ಲಿತ್ತು. ಹುದ್ದೆ ಉಳಿಸಿಕೊಳ್ಳಲು ಒಬ್ಬ ಸಲಹೆಗಾರ ತನಗೆ, ತನ್ನ ಹೆಂಡತಿಗೆ ಮತ್ತು ಒಬ್ಬ ಸಹೋದ್ಯೋಗಿಗೆ ತಾನೇ ಉತ್ಪನ್ನಗಳನ್ನು ಮಾರಿಕೊಂಡದ್ದು ತನಿಖೆಯಲ್ಲಿ ಹೊರಬಂತು. 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಗ್ರಾಹಕರಿಗೆ ತಿಳಿಯದಂತೆ ಖಾತೆ ತೆರೆದ ಪ್ರಕರಣದಲ್ಲಿ ನಿಯಂತ್ರಕರಿಗೆ ಒಟ್ಟು 18.5 ಕೋಟಿ ಡಾಲರ್ ದಂಡ ಒಪ್ಪಿಕೊಂಡಿತು; ಸುಮಾರು 5,300 ಉದ್ಯೋಗಿಗಳನ್ನು ಅಷ್ಟರಲ್ಲಿ ಕೆಲಸದಿಂದ ತೆಗೆದಿತ್ತು. ಅಷ್ಟು ಸಾವಿರ ಜನ ಒಂದೇ ಬಗೆಯ ತಪ್ಪು ಮಾಡಿದರೆ ಅದನ್ನು ಬಿಡಿ ಜನರ ನಡತೆಯ ದೋಷ ಎಂದು ಬದಿಗೆ ಸರಿಸಲಾಗದು. ಆ ಬ್ಯಾಂಕು ಆಮೇಲೆ ಶಾಖೆಗಳ ಮಾರಾಟ ಟಾರ್ಗೆಟ್‌ಗಳನ್ನೇ ಕೈಬಿಟ್ಟಿತು.

ಕಲಿಸಬೇಕಾದದ್ದು ಯಾವುದು

ತರಬೇತಿ ಎಂದರೆ ಎರಡು ವಾರ ಕೋಣೆಯಲ್ಲಿ ಕೂರಿಸಿ ಸ್ಲೈಡು ತೋರಿಸುವುದು ಎಂಬಂತಾಗಿದೆ. ಕಲಿತದ್ದು ಮರುಕಳಿಸದಿದ್ದರೆ ಮೊದಲ ದಿನಗಳಲ್ಲೇ ಹೆಚ್ಚು ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. ಎರಡು ವಾರವನ್ನು ಒಟ್ಟಿಗೆ ಸುರಿಯುವುದಕ್ಕಿಂತ, ಎರಡು ದಿನ ಪಾಠ, ಮೂರು ದಿನ ಕ್ಷೇತ್ರ ಎಂದು ಐದು ವಾರಕ್ಕೆ ಹಂಚಿದರೆ ಪಾಠದ ದಿನಗಳು ಅಷ್ಟೇ ಇದ್ದರೂ ಉಳಿಯುವುದು ಹೆಚ್ಚು.

ಮೊದಲ ವಾರ ಹೊಸಬರು ಇರಬೇಕಾದದ್ದು ಸೇವೆ ಕೊಡುವ ತಂಡದ ಜೊತೆ, ಮಾರಾಟದವರ ಜೊತೆಗಲ್ಲ. ಸ್ವಚ್ಛತೆಯ ಸೇವೆಯಾದರೆ ರಾತ್ರಿ ಪಾಳಿಯಲ್ಲಿ ಒಂದು ಮಹಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ನೀರು ಎಲ್ಲಿಂದ ಹೊರಬೇಕು, ಲಿಫ್ಟ್ ಎಷ್ಟು ಗಂಟೆಗೆ ನಿಲ್ಲುತ್ತದೆ ಎಂದು ಕಣ್ಣಾರೆ ನೋಡಬೇಕು. ಆಮೇಲೆ ಜಾಗ ನೋಡದೆ ಕೊಟೇಶನ್ ಬರೆಯಲು ಕೈ ಏಳುವುದಿಲ್ಲ.

ಎರಡನೆಯದು, ಮಾತಿನ ಅಂಕಿಗಳನ್ನು ಬಿಡಿಸುವುದು. '99.9 ಶೇಕಡ ಲಭ್ಯತೆ' ಎಂದರೆ 30 ದಿನದ ತಿಂಗಳಲ್ಲಿ 43 ನಿಮಿಷ ಮಾತ್ರ ಸ್ಥಗಿತ. 99.5 ಎಂದರೆ 3 ಗಂಟೆ 36 ನಿಮಿಷ. 99 ಎಂದರೆ 7 ಗಂಟೆ 12 ನಿಮಿಷ. ಪೂರ್ವನಿಗದಿತ ನಿರ್ವಹಣೆಯ ಸಮಯ ಇದರಲ್ಲಿ ಸೇರಿದೆಯೇ ಇಲ್ಲವೇ ಎಂದು ಹೇಳದೆ ಕೊಟ್ಟ ಭರವಸೆ ಮೊದಲ ಭಾನುವಾರವೇ ಮುರಿಯುತ್ತದೆ. 'ನಾಲ್ಕು ಗಂಟೆಯೊಳಗೆ' ಎಂಬ ಮಾತಿನಲ್ಲೂ ಇದೇ ತೊಡಕು. ಗ್ರಾಹಕರು ನಾಲ್ಕು ಗಂಟೆಯಲ್ಲಿ ಯಂತ್ರ ಸರಿಹೋಗುತ್ತದೆ ಎಂದು ಕೇಳಿಸಿಕೊಂಡಿರುತ್ತಾರೆ. ಒಪ್ಪಂದದಲ್ಲಿ ಇರುವುದು ನಾಲ್ಕು ಗಂಟೆಯಲ್ಲಿ ಯಾರಾದರೂ ಉತ್ತರ ಕೊಡುತ್ತಾರೆ ಎಂದು. ಅದೂ ಕಚೇರಿ ವೇಳೆಯ ನಾಲ್ಕು ಗಂಟೆ.

ಮೂರನೆಯದು, ಬಿಡಬೇಕಾದ ಗ್ರಾಹಕರನ್ನು ಬೇಗ ಬಿಡುವುದು. ಗೆಲ್ಲುವ ಪ್ರಮಾಣ ನಿಜವಾಗಿ ಏರುವುದು ಇಲ್ಲಿಂದ. ಮೊದಲ ಭೇಟಿಯಲ್ಲೇ ಕೇಳಬೇಕಾದ ಮಾತು: ಈಗಿನ ಒಪ್ಪಂದ ಯಾವಾಗ ಮುಗಿಯುತ್ತದೆ, ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ಕೊಡದಿದ್ದರೆ ತಾನಾಗಿ ಮುಂದುವರಿಯುತ್ತದೆಯೇ? ಡಿಸೆಂಬರ್ 31ಕ್ಕೆ ಮುಗಿಯುವ, 90 ದಿನದ ನೋಟಿಸ್ ಇರುವ ಒಪ್ಪಂದವನ್ನು ಬಿಡಿಸಬೇಕಾದರೆ ಗ್ರಾಹಕರು ಅಕ್ಟೋಬರ್ 2ರೊಳಗೆ ಪತ್ರ ಕೊಟ್ಟಿರಬೇಕು. ಮಾರಾಟಕ್ಕೆ ಮೂರು ತಿಂಗಳು ಹಿಡಿಯುವುದಾದರೆ ಮೊದಲ ಭೇಟಿ ಜುಲೈ ಆರಂಭದಲ್ಲೇ ಆಗಿರಬೇಕು. ನವೆಂಬರಿನಲ್ಲಿ ಹೋಗಿ ಎಷ್ಟೇ ಚೆನ್ನಾಗಿ ಮಾತಾಡಿದರೂ ಆ ಬಾಗಿಲು ಇನ್ನೊಂದು ವರ್ಷ ತೆರೆಯದು. ಇದೊಂದು ಪ್ರಶ್ನೆ ಕೇಳದೆ ಬರೆದ ಕೊಟೇಶನ್ನುಗಳಲ್ಲಿ ಎಷ್ಟೋ ಮೂರು ಮೂರು ಗಂಟೆಗಳು ಕರಗಿಹೋಗುತ್ತವೆ. ಯಾರು ಬಳಸುತ್ತಾರೆ, ಯಾರು ಹಣ ಮಂಜೂರು ಮಾಡುತ್ತಾರೆ, ಯಾರು ಸಹಿ ಹಾಕುತ್ತಾರೆ ಎಂಬ ಮೂವರನ್ನು ಬೇರೆ ಬೇರೆ ಗುರುತಿಸುವುದೂ ಇದರ ಭಾಗವೇ. ಹೊಸಬರು ಸಾಮಾನ್ಯವಾಗಿ ತಮ್ಮೊಡನೆ ಪ್ರೀತಿಯಿಂದ ಮಾತಾಡುವವರನ್ನೇ ನಿರ್ಧಾರ ಮಾಡುವವರು ಎಂದುಕೊಳ್ಳುತ್ತಾರೆ.

ಉಳಿದಂತೆ ಕಂಪ್ಯೂಟರಿನಲ್ಲಿ ವಿವರ ತುಂಬುವುದು, ಕಂಪನಿಯ ಪರಿಚಯ ಮಾತು, ಆಕ್ಷೇಪಕ್ಕೆ ಉತ್ತರ ಮೊದಲಾದವು ಬೇಗ ಬರುತ್ತವೆ. ಅವಕ್ಕೆ ಅರ್ಧ ತರಬೇತಿ ಮೀಸಲಿಡಬೇಕಿಲ್ಲ.

ಈ ಹೊತ್ತಿನ ಇನ್ನೊಂದು ಬದಲಾವಣೆ ತರಬೇತಿಯ ಬುಡವನ್ನೇ ಅಲುಗಿಸುತ್ತಿದೆ. ಪಟ್ಟಿ ಹಿಡಿದು ಕರೆ ಮಾಡುವುದು, ಪರಿಚಯದ ಇಮೇಲ್ ಬರೆಯುವುದು, ಭೇಟಿ ನಿಗದಿ ಮಾಡುವುದು ಮೊದಲ ಮೆಟ್ಟಿಲಿನ ಕೆಲಸಗಳು. ಸಾಫ್ಟ್‌ವೇರ್ ಈಗ ಅವುಗಳನ್ನೇ ಎತ್ತಿಕೊಳ್ಳುತ್ತಿದೆ. ಇಮೇಲ್‌ಗಳ ಸುರಿಮಳೆಗೆ ತಡೆಯೂ ಬಂದಿದೆ: 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಇಮೇಲ್ ಕಳಿಸುವವರಿಗೆ ಕಟ್ಟುಪಾಡು ಹಾಕಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರ ಮೇಲಿನ ಸ್ಪ್ಯಾಮ್ ದೂರು 0.3 ಶೇಕಡ ಮುಟ್ಟಬಾರದು, ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಹೋಗುವ ದಾರಿ ಇರಬೇಕು. ಆದ್ದರಿಂದ ಸಂಖ್ಯೆಯ ಬಲದಿಂದ ಮಾರುವ ದಾರಿ ಕಿರಿದಾಗುತ್ತಿದೆ, ಗ್ರಾಹಕರ ಕೆಲಸ ಅರ್ಥಮಾಡಿಕೊಂಡು ಮಾತಾಡುವವರ ಬೆಲೆ ಏರುತ್ತಿದೆ. ಆದರೆ ಹಾಗೆ ಮಾತಾಡುವುದನ್ನು ಜನ ಕಲಿಯುತ್ತಿದ್ದದ್ದೇ ಆ ಮೊದಲ ಮೆಟ್ಟಿಲಿನಲ್ಲಿ, ನೂರಾರು ಸಲ 'ಬೇಡ' ಎನಿಸಿಕೊಂಡು. ಮೆಟ್ಟಿಲು ತೆಗೆದವರು ಅದರ ಬದಲಿಗೆ ದಾಖಲಿಸಿದ ಕರೆಗಳನ್ನು ಕೇಳಿಸಿ ತಿದ್ದುವುದು, ಅನುಭವಿಗಳ ಭೇಟಿಗಳಲ್ಲಿ ಜೊತೆ ಕೂರಿಸುವುದು, ಅಣಕು ಮಾತುಕತೆ ನಡೆಸುವುದು ಇವುಗಳಿಗೆ ಸಮಯ ಮತ್ತು ಹಣ ತೆಗೆದಿಡಬೇಕು. ಸಂಬಳದ ಉಳಿತಾಯವನ್ನು ಲಾಭಕ್ಕೆ ಬರೆದುಕೊಂಡು ತರಬೇತಿಯನ್ನು ಮರೆತರೆ ಮೂರು ವರ್ಷದ ನಂತರ ದೊಡ್ಡ ಒಪ್ಪಂದ ನಡೆಸಬಲ್ಲ ಜನ ಎಲ್ಲಿಂದ ಬರಬೇಕು?

ಈ ಕೆಲಸಕ್ಕೆ ಸೇರಲು ಹೊರಟವರು ಒಟ್ಟು ಅಂಕಿಯ ಬಗ್ಗೆ ಚೌಕಾಸಿ ಮಾಡುವ ಮೊದಲು ಕೇಳಬೇಕಾದ್ದು ಬೇರೆ. ಕಳೆದ ವರ್ಷ ತಂಡದಲ್ಲಿ ಎಷ್ಟು ಮಂದಿ ಟಾರ್ಗೆಟ್ ಮುಟ್ಟಿದರು? ಹತ್ತರಲ್ಲಿ ಇಬ್ಬರು ಎಂದರೆ ಆಫರಿನ ಕಮಿಷನ್ ಭಾಗವನ್ನು ನಿಮ್ಮ ಮನೆಯ ಖರ್ಚಿನ ಲೆಕ್ಕಕ್ಕೆ ಸೇರಿಸಬೇಡಿ. ನಿಮಗೆ ಕೊಡುವ ಪ್ರದೇಶ ಮೊದಲು ಯಾರದಾಗಿತ್ತು, ಅವರೇಕೆ ಬಿಟ್ಟರು, ಅಲ್ಲಿನ ದೊಡ್ಡ ಗ್ರಾಹಕರನ್ನು ಬೇರೆಯವರ ಖಾತೆಗೆ ಹಾಕಿಕೊಂಡಿದ್ದಾರೆಯೇ? ವರ್ಷದ ನಡುವೆ ಟಾರ್ಗೆಟ್ ಬದಲಿಸುವ ಹಕ್ಕು ಸಂಸ್ಥೆಗೆ ಇದೆಯೇ? ಕಮಿಷನ್ ಯೋಜನೆಯ ಪೂರ್ತಿ ಪ್ರತಿಯನ್ನು ಸೇರುವ ಮೊದಲೇ ಕೇಳಿ. 'ಸೇರಿದ ಮೇಲೆ ಕೊಡುತ್ತೇವೆ' ಎಂಬ ಉತ್ತರ ಬಂದರೆ ಯೋಜನೆ ಇನ್ನೂ ಬರೆದಿಲ್ಲ ಎಂದೋ, ತೋರಿಸುವಂತಿಲ್ಲ ಎಂದೋ ತಿಳಿಯಿರಿ.

ಕೊನೆಯದಾಗಿ, ಕೆಲಸ ಬಿಡುವ ದಿನದ ಕಲಂ ಓದಿ. ಸಹಿ ಬಿದ್ದು ಬಿಲ್ ಆಗದ, ಬಿಲ್ ಆಗಿ ವಸೂಲಾಗದ ಒಪ್ಪಂದಗಳ ಕಮಿಷನ್ ಯಾರಿಗೆ? 'ಪಾವತಿಯ ದಿನ ಉದ್ಯೋಗದಲ್ಲಿ ಇರುವವರಿಗೆ ಮಾತ್ರ' ಎಂಬ ಸಾಲು ಅಲ್ಲಿದ್ದರೆ, ಒಪ್ಪಂದಗಳು ಒಂದೇ ವೇಗದಲ್ಲಿ ಬರುತ್ತಿವೆ ಎಂದುಕೊಂಡರೂ ಯಾವ ದಿನ ಹೊರಟರೂ ಸುಮಾರು ಒಂದೂವರೆ ತಿಂಗಳ ದುಡಿಮೆ ಅಲ್ಲೇ ಉಳಿಯುತ್ತದೆ. ನಮ್ಮ ಉದಾಹರಣೆಯ ಅಂಕಿಗಳಲ್ಲಿ ಅದು 5 ಪಾಲು, ಒಂದು ಪೂರ್ತಿ ತಿಂಗಳ ನಿಗದಿ ಸಂಬಳದಷ್ಟು. ಆ ಸಾಲನ್ನು 'ಸಹಿಯಾದ ಒಪ್ಪಂದಗಳಿಗೆ, ಬಿಟ್ಟ ದಿನದಿಂದ 90 ದಿನದೊಳಗೆ ವಸೂಲಾದ ಮೊತ್ತದ ಮೇಲೆ' ಎಂದು ತಿದ್ದಿಸಿಕೊಳ್ಳಲು ಸುಲಭವಾದ ಸಮಯ ಸೇರುವ ಮೊದಲಿನ ವಾರ.